94ಕ್ಕೆ ನಿಂತುಹೋದ ಹೊಸ ರೌಟರ್: ಒಂದು ಮನೆಯ ವೈಫೈ ಪ್ರಕರಣ

ಭಾವ ವಾಟ್ಸಾಪ್‌ನಲ್ಲಿ ಕಳಿಸಿದ್ದು ಏಳು ಸ್ಕ್ರೀನ್‌ಶಾಟ್. ಏಳೂ ಸ್ಪೀಡ್ ಟೆಸ್ಟಿನವು, ಲೆಕ್ಕ ಎಂಬಿಪಿಎಸ್‌ನಲ್ಲಿ, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಅಂತ. 94, 93, 94, 94, 93, 94, 94. ಕೆಳಗೆ ಒಂದೇ ಸಾಲು: "300ರ ಪ್ಲಾನು, ಹೊಸ ರೌಟರ್ ಹಾಕಿ ನಾಲ್ಕು ದಿನ ಆಯ್ತು. ಇದೇನಪ್ಪ ಇದು?"

ನೆಟ್‌ವರ್ಕ್ ಕೆಲಸ ನನ್ನ ಹೊಟ್ಟೆಪಾಡು. ಹಾಗಾಗಿ ನೆಂಟರಿಷ್ಟರ ಮನೆಯ ವೈಫೈ ಎಲ್ಲೇ ಕೆಟ್ಟರೂ ಫೋನ್ ನನಗೇ ಬರುತ್ತದೆ. ಹೆಚ್ಚಿನವು "ಆಫ್ ಮಾಡಿ ಆನ್ ಮಾಡಿ" ಅನ್ನುವಲ್ಲಿಗೆ ಮುಗಿಯುತ್ತವೆ. ಇದು ಮುಗಿಯಲಿಲ್ಲ. ಮೂರು ಭಾನುವಾರ ತಿಂದಿತು. ಒಂದು ದೂರು ಅಂದುಕೊಂಡು ಹೋದದ್ದು ಐದು ದೂರುಗಳ ಗಂಟಾಗಿತ್ತು. ಆ ಐದರಲ್ಲಿ ರೌಟರ್ ಕೆಟ್ಟಿದ್ದರಿಂದ ಆದದ್ದು ಒಂದೂ ಇರಲಿಲ್ಲ. ರೌಟರಿನ ಕಂಪನಿಯ ಹೆಸರು ಇಲ್ಲಿ ಬೇಕಾಗಿಲ್ಲ. ಬೇರೆ ಯಾವ ಕಂಪನಿಯದ್ದಾದರೂ ಕತೆ ಹೀಗೇ ನಡೆಯುತ್ತಿತ್ತು.

ಮೊದಲು ಮನೆ ಎಂಥದ್ದು ಅಂತ ಹೇಳಿಬಿಡುತ್ತೇನೆ. ಎರಡು ಅಂತಸ್ತು, ನಡುವೆ ಕಾಂಕ್ರೀಟ್ ಸ್ಲ್ಯಾಬು. ಕೆಳಗೆ ಹಾಲ್, ಅಡುಗೆಮನೆ, ಒಂದು ರೂಮು. ಮೇಲೆ ಎರಡು ರೂಮು. ಅದರಲ್ಲೊಂದು ಅಕ್ಕನ ಆಫೀಸು, ಇನ್ನೊಂದು ಅಕ್ಕನ ಮಗಳು, ನನ್ನ ಸೊಸೆಯದ್ದು. ಮೆಟ್ಟಿಲು ಮನೆಯ ನಟ್ಟನಡುವೆ. ಫೈಬರ್ ಮೋಡೆಮ್ ಹಾಲಿನ ಬಾಗಿಲ ಹತ್ತಿರ ಗೋಡೆಗೆ ಹೊಡೆದದ್ದು. ಅದರಲ್ಲೂ ವೈಫೈ ಇದೆ, ನಾಲ್ಕು ವರ್ಷ ಮನೆಯವರೆಲ್ಲ ಬಳಸಿದ್ದು ಅದನ್ನೇ. ಅದು ವೈಫೈಯ ನಿಧಾನದ ರೇಡಿಯೊ ಬ್ಯಾಂಡಾದ 2.4 ಗಿಗಾಹರ್ಟ್ಸ್ ಮಾತ್ರ ಬಲ್ಲ ಹಳೆಯ ಪೆಟ್ಟಿಗೆ. ಹೊಸ ರೌಟರ್ ವೈಫೈ 6, ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಎಎಕ್ಸ್3000. ನಾಲ್ಕು ಆಂಟೆನಾ, ಎಲ್ಲ ಗಿಗಾಬಿಟ್ (1000 ಎಂಬಿಪಿಎಸ್) ಪೋರ್ಟು, ಹಿಂದೆ ಒಂದು ಯುಎಸ್‌ಬಿ 3.0, ಫೋನಿಗೆ ಒಂದು ಆ್ಯಪ್. ಭಾವ ಅದನ್ನು ಟಿವಿ ಸ್ಟ್ಯಾಂಡಿನಲ್ಲಿ, ಟಿವಿಯ ಬೆನ್ನಿಗೆ ಇಟ್ಟಿದ್ದರು. ಕಣ್ಣಿಗೆ ಬೀಳಬಾರದಂತೆ.

ಹೋದ ಕೂಡಲೇ ಮೂವರನ್ನೂ ಬೇರೆಬೇರೆಯಾಗಿ ಕೇಳಿದೆ. ಭಾವನದು 94. ಅಕ್ಕನದು ಬೇರೆ: "ಸ್ಪೀಡ್ ಗೀಡ್ ನಂಗೆ ಬೇಡ ಕಣೋ, ಸಂಜೆ ಮೀಟಿಂಗಲ್ಲಿ ನಾನು ಮಾತಾಡಿದ್ದು ಅವರಿಗೆ ತುಂಡುತುಂಡಾಗಿ ಕೇಳುತ್ತೆ." ಸೊಸೆ ಹೇಳಿದ್ದು ಎಲ್ಲಕ್ಕಿಂತ ಉಪಯೋಗಕ್ಕೆ ಬಂತು: "ಮಾಮ, ಒಂದೊಂದ್ ಸಲ ಸೂಪರ್, ಒಂದೊಂದ್ ಸಲ ಹಳೇ ವೈಫೈಗಿಂತ ಕಡೆ. ಅದೂ ಅದೇ ಜಾಗದಲ್ಲಿ ಕೂತಿರ್ತೀನಿ." ಅದೇ ಜಾಗ, ಅದೇ ಫೋನು, ಬೇರೆ ಬೇರೆ ಫಲಿತಾಂಶ. ಇದನ್ನು ಚೀಟಿಯಲ್ಲಿ ಬರೆದುಕೊಂಡೆ. ಜೊತೆಗೆ ಎರಡು ಪುಡಿ ದೂರು: ಪ್ರಿಂಟರ್ ಫೋನಿಗೆ ಕಾಣುತ್ತಿಲ್ಲ, ಗೇಟಿನ ಕ್ಯಾಮೆರಾ ನಡುರಾತ್ರಿ ಕೈಕೊಡುತ್ತದೆ.

ಗಾಳಿಯಲ್ಲಿ ಹೋಗುವುದು ಇಷ್ಟು ಸ್ಥಿರವಾಗಿರುವುದಿಲ್ಲ

ವೈಫೈ ಸ್ಪೀಡು ಏಳು ಸಲ ಅಳೆದರೆ ಏಳು ಥರ ಬರಬೇಕು. ಯಾರೋ ನಡುವೆ ಹಾದುಹೋದರೆ, ಪಕ್ಕದ ಮನೆಯವರು ವಿಡಿಯೊ ಹಚ್ಚಿದರೆ, ಫೋನ್ ಹಿಡಿದ ಕೈ ಬದಲಾದರೆ ಸಂಖ್ಯೆ ಕುಣಿಯುತ್ತದೆ. ಏಳು ಸಲವೂ 93, 94 ಅಂದರೆ ಅಲ್ಲೊಂದು ಗೋಡೆ ಇದೆ, ಮತ್ತು ಆ ಗೋಡೆ ತಂತಿಯದ್ದು.

94 ಎಂಬ ಸಂಖ್ಯೆಗೂ ಒಂದು ಲೆಕ್ಕವಿದೆ. ಈಥರ್ನೆಟ್ ತಂತಿಯ ಮೇಲೆ ಒಂದು ಪೂರ್ಣ ಪ್ಯಾಕೆಟ್, ಅಂದರೆ ಡೇಟಾದ ಒಂದು ಪೊಟ್ಟಣ, ಹೋಗಲು ಎಲ್ಲ ಸೇರಿ 1538 ಬೈಟ್‌ಗಳಷ್ಟು ಜಾಗ ಬೇಕು. ಅದರೊಳಗೆ ನಮ್ಮ ನಿಜವಾದ ಡೇಟಾ 1448 ಬೈಟ್. ಉಳಿದದ್ದು ವಿಳಾಸ, ತಪಾಸಣೆ, ಎರಡು ಪ್ಯಾಕೆಟ್‌ಗಳ ನಡುವಿನ ಅಂತರ. 1448ನ್ನು 1538ರಿಂದ ಭಾಗಿಸಿದರೆ 0.94. ತಂತಿ 100 ಎಂಬಿಪಿಎಸ್‌ನಲ್ಲಿ ಓಡುತ್ತಿದ್ದರೆ ಸ್ಪೀಡ್ ಟೆಸ್ಟು ಹೇಳುವುದು 94. ಗಿಗಾಬಿಟ್‌ನಲ್ಲಿ ಓಡುತ್ತಿದ್ದರೆ ಇದೇ ಲೆಕ್ಕಕ್ಕೆ ಮೇಲ್ಮಿತಿ 940ರ ಆಸುಪಾಸು. ಈ ಎರಡು ಸಂಖ್ಯೆಗಳು ನಮ್ಮ ಕೆಲಸದಲ್ಲಿ ಜ್ವರದ ಥರ್ಮಾಮೀಟರ್ ಇದ್ದಂತೆ.

ಮೋಡೆಮ್ಮಿನಲ್ಲಿ ಗಿಗಾಬಿಟ್ ಪೋರ್ಟು, ರೌಟರಿನಲ್ಲೂ ಗಿಗಾಬಿಟ್. ನಡುವಿನ ಕೇಬಲ್ಲು ಹಳದಿ ಬಣ್ಣದ್ದು, ಹಳೆಯದು. "ಬಾಕ್ಸಲ್ಲಿ ಬಂದ ವೈರು ಟಿವಿ ತನಕ ಮುಟ್ಟಲಿಲ್ಲ, ಅಟ್ಟದಲ್ಲಿ ಒಂದಿತ್ತು, ಹಾಕ್ದೆ" ಅಂದರು ಭಾವ. ಅದರ ತುದಿಯನ್ನು ಕಿತ್ತು, ಪಾರದರ್ಶಕ ಪ್ಲಗ್ಗನ್ನು ಮೊಬೈಲ್ ಟಾರ್ಚಿಗೆ ಹಿಡಿದು ನೋಡಿದೆ. ಒಳಗೆ ಎಂಟು ಎಳೆಗಳು ಸಾಲಾಗಿ ಬಂದು ಎಂಟು ತಾಮ್ರದ ಹಲ್ಲುಗಳ ಕೆಳಗೆ ಕೂತಿರಬೇಕು. ಏಳು ಕೂತಿದ್ದವು. ಕೊನೆಯ ಕಂದು ಎಳೆ ಹಲ್ಲಿಗೆ ಎರಡು ಮಿಲಿಮೀಟರ್ ಹಿಂದೆಯೇ ನಿಂತಿತ್ತು. ಯಾರೋ ಕೈಯಲ್ಲಿ ಕ್ರಿಂಪ್ ಮಾಡಿದ ಕೇಬಲ್ಲು, ಒಂದು ಎಳೆ ಗಿಡ್ಡವಾಗಿ ಕತ್ತರಿಸಿಹೋಗಿದೆ.

100 ಎಂಬಿಪಿಎಸ್‌ಗೆ ನಾಲ್ಕು ಎಳೆ ಸಾಕು: 1, 2, 3 ಮತ್ತು 6ನೇ ಪಿನ್ನು. ಕಿತ್ತಳೆ ಜೋಡಿ, ಹಸಿರು ಜೋಡಿ. ಗಿಗಾಬಿಟ್‌ಗೆ ಎಂಟೂ ಬೇಕು. ವಿಚಿತ್ರ ಏನೆಂದರೆ ಎರಡು ಪೋರ್ಟುಗಳು "ನೀನು ಎಷ್ಟು ಓಡಬಲ್ಲೆ" ಅಂತ ಪರಸ್ಪರ ಕೇಳಿಕೊಳ್ಳುವ ಮಾತುಕತೆ ಆ ಮೊದಲ ಎರಡು ಜೋಡಿಗಳ ಮೇಲೇ ನಡೆಯುತ್ತದೆ. ಹಾಗಾಗಿ ಎರಡೂ ಕಡೆಯವು ಗಿಗಾಬಿಟ್ ಅಂತ ಒಪ್ಪಿಕೊಳ್ಳುತ್ತವೆ, ಓಡಲು ಹೋಗುತ್ತವೆ, ಕಂದು ಜೋಡಿ ಸತ್ತಿರುವುದರಿಂದ ಮುಗ್ಗರಿಸುತ್ತವೆ, ಕೆಲವು ಪ್ರಯತ್ನಗಳಾದ ಮೇಲೆ ಸದ್ದಿಲ್ಲದೆ 100ಕ್ಕೆ ಇಳಿಯುತ್ತವೆ. ಯಾವ ಎಚ್ಚರಿಕೆಯೂ ಇಲ್ಲ. ಆ್ಯಪಿನಲ್ಲಿ "ಇಂಟರ್ನೆಟ್ ಚೆನ್ನಾಗಿದೆ" ಎಂಬ ಹಸಿರು ಟಿಕ್ಕು. ವಿಪರ್ಯಾಸ ನೋಡಿ: ಇದೇ ಕೇಬಲ್ಲು ಪೂರ್ತಿ ಕೆಟ್ಟಿದ್ದರೆ ಭಾವ ಐದೇ ನಿಮಿಷದಲ್ಲಿ ಕಂಡುಹಿಡಿಯುತ್ತಿದ್ದರು.

ಒಂದು ಸ್ಟೂಲ್ ಮೇಲೆ ರೌಟರ್ ಇಟ್ಟು ಮೋಡೆಮ್ ಹತ್ತಿರ ತಂದು, ಬಾಕ್ಸಿನ ಗಿಡ್ಡ ಕೇಬಲ್ಲನ್ನೇ ಹಾಕಿದೆ. ಬೇರೇನೂ ಮುಟ್ಟಲಿಲ್ಲ. ಒಂದು ಸಲಕ್ಕೆ ಒಂದೇ ಬದಲಾವಣೆ, ಇಲ್ಲದಿದ್ದರೆ ಯಾವುದರಿಂದ ಸರಿಹೋಯಿತು ಅಂತ ಕೊನೆಗೂ ಗೊತ್ತಾಗುವುದಿಲ್ಲ. ಸ್ಪೀಡ್ ಟೆಸ್ಟು 286, 291, 279. ಸಂಖ್ಯೆ ಕುಣಿಯತೊಡಗಿದ್ದೇ ನನಗೆ ಸಮಾಧಾನ.

ಒಂದೇ ಹೆಸರಿನ ಇಬ್ಬರು

ಭಾವ ಖುಷಿಯಾದರು. ಸೊಸೆ ಮೇಲಿನಿಂದ ಕೂಗಿದಳು, "ಮಾಮ, ನಂಗೆ 38!"

ಅವಳ ಫೋನಿನಲ್ಲಿ ವೈಫೈ ಹೆಸರಿನ ಪಕ್ಕ ಒತ್ತಿ ಐಪಿ ವಿಳಾಸ, ಅಂದರೆ ನೆಟ್‌ವರ್ಕಿನಲ್ಲಿ ಆ ಫೋನಿನ ಮನೆ ನಂಬರು, ನೋಡಿದೆ. 192.168.1ರಿಂದ ಶುರು. ಭಾವನ ಫೋನಿನಲ್ಲಿ 192.168.0. ಮೂರನೇ ಸಂಖ್ಯೆ ಬೇರೆ ಅಂದರೆ ಎರಡು ಬೇರೆ ಬೇರೆ ನೆಟ್‌ವರ್ಕು. ಆಗಿದ್ದಿಷ್ಟು: ಮನೆಯ ಎಲ್ಲ ಸಾಧನಗಳಲ್ಲಿ ಪಾಸ್‌ವರ್ಡ್ ಮತ್ತೆ ಹಾಕುವ ರಗಳೆ ಬೇಡ ಅಂತ ಭಾವ ಹೊಸ ರೌಟರಿಗೂ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಕೊಟ್ಟಿದ್ದರು. ಬುದ್ಧಿವಂತ ಕೆಲಸವೇ. ಆದರೆ ಮೋಡೆಮ್ಮಿನ ಹಳೆಯ ವೈಫೈಯನ್ನು ಆರಿಸಿರಲಿಲ್ಲ. ಮನೆಯಲ್ಲಿ ಒಂದೇ ಹೆಸರಿನ ಎರಡು ವೈಫೈ. ಫೋನ್ ಕಣ್ಣಿಗೆ ಎರಡೂ ಒಂದೇ. ಯಾವುದು ಮೊದಲು ಸಿಕ್ಕಿತೋ ಅದನ್ನು ಹಿಡಿಯುತ್ತದೆ, ಹಿಡಿದದ್ದನ್ನು ಸುಲಭಕ್ಕೆ ಬಿಡುವುದಿಲ್ಲ. ಐಫೋನ್ ಆದರೆ ಸಿಗ್ನಲ್ -70 ಡಿಬಿಎಂಗಿಂತ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು) ಕೆಳಗಿಳಿಯುವ ತನಕ ಬೇರೆಯದನ್ನು ಹುಡುಕಲು ಹೊರಡುವುದಿಲ್ಲ ಅಂತ ಆಪಲ್ಲೇ ಬರೆದಿಟ್ಟಿದೆ. ಹಳೆಯ ಪೆಟ್ಟಿಗೆಯ ಮೇಲೆ ಅವಳ ಫೋನು ಕಟ್ಟಿಕೊಂಡಿದ್ದ ಲಿಂಕೇ 72 ಎಂಬಿಪಿಎಸ್. 38 ಬಂದದ್ದೇ ಹೆಚ್ಚು.

ಪ್ರಿಂಟರ್ ಮಾಯವಾದದ್ದೂ ಇದೇ ಕಾರಣಕ್ಕೆ. ಅದು ಹಳೆಯ ವೈಫೈಯಲ್ಲಿ, ಫೋನುಗಳು ಹೊಸದರಲ್ಲಿ. ಪ್ರಿಂಟರ್ ಹುಡುಕಲು ಫೋನ್ ಹಾಕುವ ಕೂಗು ರೌಟರ್ ದಾಟಿ ಆಚೆ ಹೋಗುವುದಿಲ್ಲ.

ಮೋಡೆಮ್ಮಿನ ವೈಫೈ ಆರಿಸಿದೆ. ಸೊಸೆಯ ದೂರು ಅಲ್ಲಿಗೆ ಮುಗಿಯಿತು. ಪ್ರಿಂಟರ್ ಮಾತ್ರ ಹೊಸ ರೌಟರಿಗೆ ಸೇರಲು ಒಪ್ಪಲಿಲ್ಲ. ಭಾವ ಆ್ಯಪಿನಲ್ಲಿ ಭದ್ರತೆಯನ್ನು ಡಬ್ಲ್ಯೂಪಿಎ3, ಅಂದರೆ ವೈಫೈ ಬೀಗದ ಹೊಸ ಪದ್ಧತಿ, ಮಾತ್ರ ಎಂದು ಇಟ್ಟಿದ್ದರು. ಅದು 2018ರಲ್ಲಿ ಬಂದದ್ದು. ಅದಕ್ಕಿಂತ ಹಿಂದಿನ ಪ್ರಿಂಟರಿಗೆ ಅದರ ಗಂಧವೂ ಇಲ್ಲ. ಡಬ್ಲ್ಯೂಪಿಎ2, ಡಬ್ಲ್ಯೂಪಿಎ3 ಎರಡೂ ಸೇರಿದ ಆಯ್ಕೆಗೆ ಬದಲಿಸಿದೆ, ಸೇರಿಕೊಂಡಿತು. ಮೋಡೆಮ್ಮನ್ನು ಬ್ರಿಡ್ಜ್ ಮಾಡಿಸಬೇಕೇ, ಅಂದರೆ ಅದರೊಳಗಿನ ರೌಟರ್ ಕೆಲಸ ನಿಲ್ಲಿಸಬೇಕೇ, ಎಂಬ ಪ್ರಶ್ನೆ ಬಂತು. ಎರಡು ರೌಟರ್ ಒಂದರ ಹಿಂದೊಂದು ಇರುವುದು ಶಾಸ್ತ್ರಕ್ಕೆ ಸರಿಯಲ್ಲ. ಆದರೆ ಈ ಮನೆಯಲ್ಲಿ ಹೊರಗಿನಿಂದ ಒಳಗೆ ಬರಬೇಕಾದ ಯಾವ ಸಂಪರ್ಕವೂ ಇಲ್ಲ, ಗೇಮ್ ಸರ್ವರ್ ನಡೆಸುವವರೂ ಇಲ್ಲ. ಬಿಟ್ಟೆ.

3000 ಎಲ್ಲಿದೆ?

"ಬಾಕ್ಸ್ ಮೇಲೆ 3000 ಅಂತ ಇದೆಯಲ್ಲ" ಅಂತ ಭಾವ ಕೇಳಿಯೇ ಕೇಳಿದರು. ಎಲ್ಲರೂ ಕೇಳುತ್ತಾರೆ.

ಅದು ಎರಡು ರೇಡಿಯೊಗಳ ಕಾಗದದ ಮೇಲಿನ ಗರಿಷ್ಠವನ್ನು ಕೂಡಿ, ಮೇಲಕ್ಕೆ ದುಂಡಾಗಿಸಿದ ಸಂಖ್ಯೆ. 2.4ರಲ್ಲಿ 574, 5 ಗಿಗಾಹರ್ಟ್ಸ್‌ನಲ್ಲಿ 2402, ಕೂಡಿದರೆ 2976. ಒಂದು ಫೋನು ಒಂದು ಹೊತ್ತಿಗೆ ಒಂದೇ ರೇಡಿಯೊ ಹಿಡಿಯುವುದರಿಂದ ಈ ಕೂಡಿಸುವಿಕೆಗೇ ಅರ್ಥವಿಲ್ಲ. ಎರಡು ಬಸ್ಸುಗಳ ವೇಗವನ್ನು ಕೂಡಿ "ನಮ್ಮ ಸಂಸ್ಥೆಯ ವೇಗ ಇಷ್ಟು" ಅಂದಹಾಗೆ. ಆ 2402 ಬರಬೇಕಾದರೂ ಚಾನಲ್, ಅಂದರೆ ರೇಡಿಯೊ ಓಡುವ ಹಾದಿಯ ಅಗಲ 160 ಮೆಗಾಹರ್ಟ್ಸ್ ಇರಬೇಕು, ಆಚೆ ಕಡೆಯ ಫೋನಿಗೂ 160 ಗೊತ್ತಿರಬೇಕು. ಮನೆಯ ಹತ್ತೊಂಬತ್ತು ಸಾಧನಗಳಲ್ಲಿ 160 ಬಲ್ಲದ್ದು ಅಕ್ಕನ ಲ್ಯಾಪ್‌ಟಾಪ್ ಒಂದೇ. ಹೊಸ ಫೋನುಗಳು 80ರಲ್ಲಿ 1201ರ ಲಿಂಕು ಕಟ್ಟುತ್ತವೆ. ಲಿಂಕಿನ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ನಿಜವಾದ ವೇಗವಾಗಿ ಕೈಗೆ ಸಿಕ್ಕರೂ 300ರ ಪ್ಲಾನಿಗೆ ಎರಡು ಪಟ್ಟು ಆಯಿತು.

ಅಗಲ ಹೆಚ್ಚಿಸುವುದು ಪುಕ್ಕಟೆಯೂ ಅಲ್ಲ. ಚಾನಲ್ ಅಗಲ ದುಪ್ಪಟ್ಟಾದರೆ ರೇಡಿಯೊ ಒಳಗೆಳೆದುಕೊಳ್ಳುವ ಗದ್ದಲವೂ ದುಪ್ಪಟ್ಟು, ಅಂದರೆ 3 ಡೆಸಿಬೆಲ್ ನಷ್ಟ. ಇನ್ನೊಂದು ಸಂಗತಿ: 5 ಗಿಗಾಹರ್ಟ್ಸ್‌ನ ಕೆಳಗಿನ ಭಾಗದಲ್ಲಿ 160 ಬೇಕೆಂದರೆ 36ರಿಂದ 64ರ ತನಕ ಎಲ್ಲ ಚಾನಲ್ಲೂ ಬೇಕು, ಅದರಲ್ಲಿ 52ರಿಂದ 64 ರಡಾರ್‌ಗಳ ಜೊತೆ ಹಂಚಿಕೊಂಡ ಜಾಗ. ಅಲ್ಲಿ ಕೂರುವ ರೌಟರ್ ಮೊದಲು 60 ಸೆಕೆಂಡು ಬಾಯಿಮುಚ್ಚಿ ಕೇಳಿಸಿಕೊಳ್ಳಬೇಕು. ರಡಾರ್ ಸದ್ದು ಕೇಳಿದರೆ ಜಾಗ ಖಾಲಿ ಮಾಡಬೇಕು, ಅರ್ಧ ಗಂಟೆ ಆ ಕಡೆ ತಲೆಹಾಕುವಂತಿಲ್ಲ. "ವೈಫೈ ಒಂದು ನಿಮಿಷ ಮಾಯವಾಗಿ ಬರುತ್ತೆ" ಅಂತ ಸೊಸೆ ಹೇಳಿದ್ದನ್ನು ನಾನು ಅಷ್ಟು ಕಿವಿಗೆ ಹಾಕಿಕೊಂಡಿರಲಿಲ್ಲ. ರೌಟರಿನ ಲಾಗ್ ತೆರೆದರೆ ಅದೇ ಸಮಯಕ್ಕೆ ಎರಡು ಕಡೆ ರಡಾರ್ ನಮೂದು. 80ಕ್ಕೆ ಇಳಿಸಿ, ಚಾನಲ್ 36ಕ್ಕೆ ಕಟ್ಟಿಹಾಕಿದೆ. ಪೆಟ್ಟಿಗೆಯ ದೊಡ್ಡ ಸಂಖ್ಯೆಗೆ ಕಾರಣವಾದ ಸೌಲಭ್ಯವನ್ನೇ ಆರಿಸಿದ್ದು ಭಾವನಿಗೆ ಅಷ್ಟಾಗಿ ಹಿಡಿಸಲಿಲ್ಲ.

ಮೆಟ್ಟಿಲ ತಿರುವಿಗೆ

ರೌಟರ್ ಟಿವಿಯ ಬೆನ್ನಿಗಿದ್ದಾಗ ಮೇಲಿನ ಮಹಡಿಯಲ್ಲಿ ಅಕ್ಕನ ಮೇಜಿನ ಮೇಲೆ 5 ಗಿಗಾಹರ್ಟ್ಸ್ ಸಿಗ್ನಲ್ -79 ಡಿಬಿಎಂ. ಹಿಡಿದುಕೊಂಡಿತ್ತು ಅಷ್ಟೆ. ರೌಟರ್ ಮತ್ತು ಮೇಜಿನ ನಡುವೆ ಟಿವಿಯ ಲೋಹದ ಬೆನ್ನು, ಕಬ್ಬಿಣದ ಸರಳು ತುಂಬಿದ ಸ್ಲ್ಯಾಬು. ನಾಲ್ಕೂ ಆಂಟೆನಾ ನೆಟ್ಟಗೆ ಮೇಲಕ್ಕೆ, ಸಲ್ಯೂಟ್ ಹೊಡೆದಂತೆ. ನೆಟ್ಟಗಿನ ಆಂಟೆನಾ ಸುತ್ತಲೂ ಅಡ್ಡಡ್ಡ ಚೆಲ್ಲುತ್ತದೆ, ತನ್ನ ತುದಿಯ ದಿಕ್ಕಿಗೆ, ಅಂದರೆ ನೇರ ಮೇಲಕ್ಕೆ, ಬಹಳ ಕಡಿಮೆ. ಅಕ್ಕನ ರೂಮು ಸರಿಯಾಗಿ ಅದರ ನೆತ್ತಿಯ ಮೇಲಿತ್ತು.

ಭಾವ ಅಷ್ಟರಲ್ಲಿ ಮೆಶ್ ಸೆಟ್, ಅಂದರೆ ಒಂದೇ ವೈಫೈಯನ್ನು ಮನೆಯೆಲ್ಲ ಹರಡುವ ಜೋಡಿ ಪೆಟ್ಟಿಗೆಗಳನ್ನು, ನೋಡಿಟ್ಟಿದ್ದರು. ಎರಡನೇ ಪೆಟ್ಟಿಗೆ ಕೊಳ್ಳುವ ಮೊದಲು ಮೊದಲನೆಯದನ್ನು ಸರಿಯಾದ ಜಾಗದಲ್ಲಿಡೋಣ ಅಂದೆ. ತಂತಿಯಿಲ್ಲದ ಮೆಶ್‌ನಲ್ಲಿ ಎರಡನೇ ಪೆಟ್ಟಿಗೆ ಮೊದಲನೆಯದರ ಜೊತೆ ಮಾತಾಡಲಿಕ್ಕೂ ಅದೇ ಗಾಳಿ ಬೇಕು. ಎರಡೇ ಬ್ಯಾಂಡಿನ ಸೆಟ್ಟಾದರೆ ವೇಗದ ದೊಡ್ಡ ಪಾಲು ಆ ಮಾತಿಗೇ ಹೋಗುತ್ತದೆ.

ಎರಡನೇ ಭಾನುವಾರ ಹನ್ನೆರಡು ಮೀಟರ್ ಕ್ಯಾಟ್6 ಕೇಬಲ್ಲನ್ನು ಬಾಗಿಲಿನ ಚೌಕಟ್ಟಿನಂಚಿಗೆ ಎಳೆದು, ಮೆಟ್ಟಿಲು ತಿರುಗುವ ಜಾಗದಲ್ಲಿ ತಲೆಯೆತ್ತರಕ್ಕೆ ರೌಟರ್ ತೂಗುಹಾಕಿದೆವು. ಎರಡು ಆಂಟೆನಾ ನೆಟ್ಟಗೆ, ಎರಡು ಅಡ್ಡ. ಅಕ್ಕನ ಮೇಜಿನಲ್ಲಿ -59. 20 ಡೆಸಿಬೆಲ್ ಅಂದರೆ ಮೊದಲಿನ ನೂರು ಪಟ್ಟು ಶಕ್ತಿ. ಹಾಲಿನಲ್ಲಿ ಮೊದಲಿಗಿಂತ ಸ್ವಲ್ಪ ಕಡಿಮೆಯಾಯಿತು, ಅಡುಗೆಮನೆಯಲ್ಲಿ ಇನ್ನೂ ಸ್ವಲ್ಪ. ಯಾರೂ ಗಮನಿಸಲಿಲ್ಲ. ಮೇಲೆ 270 ಬರತೊಡಗಿತು, ಮೆಶ್ ಮಾತು ಅಲ್ಲಿಗೆ ನಿಂತಿತು.

ಅಕ್ಕನ ದೂರು ನಿಲ್ಲಲಿಲ್ಲ.

ಸಂಜೆ ಐದೂವರೆಯ ಸರದಿ

"ಕಡ್ಡಿ ಫುಲ್ ಇದೆ ಕಣೋ, ಮಾತು ಮಾತ್ರ ಹಾಗೇ ಒಡೀತಿದೆ" ಅಂತ ಮಂಗಳವಾರ ಫೋನು. ಮೂರನೇ ಭಾನುವಾರಕ್ಕೆ ಕಾಯದೆ ಬುಧವಾರ ಸಂಜೆಯೇ ಹೋಗಿ ಅವಳ ರೂಮಿನಲ್ಲಿ ಕೂತೆ. ಲ್ಯಾಪ್‌ಟಾಪಿನಲ್ಲಿ ಎರಡು ಕಿಟಕಿ ತೆರೆದು ಒಂದರಲ್ಲಿ ರೌಟರಿಗೆ ಪಿಂಗ್ (ಪುಟ್ಟ ಪ್ಯಾಕೆಟ್ ಕಳಿಸಿ ಉತ್ತರ ಬರಲು ಹಿಡಿಯುವ ಹೊತ್ತು ಅಳೆಯುವುದು), ಇನ್ನೊಂದರಲ್ಲಿ ಹೊರಗಿನ ಒಂದು ಸರ್ವರಿಗೆ ಪಿಂಗ್. ಮೊದಲಿನದು 2 ಮಿಲಿಸೆಕೆಂಡು, ಎರಡನೆಯದು 7. ಐದು ಇಪ್ಪತ್ತರ ತನಕ ಹೀಗೇ. ಐದೂವರೆಗೆ ಸೊಸೆ ಮನೆಗೆ ಬಂದಳು, ಚಪ್ಪಲಿ ಬಿಟ್ಟು ಒಳಗೆ ಹೋದಳು. ಒಂದು ನಿಮಿಷವೂ ಆಗಿಲ್ಲ, ಎರಡನೇ ಕಿಟಕಿ 7ರಿಂದ 90, 210, 380, 430. ಮೊದಲನೆಯದು ಅಲ್ಲಾಡಲಿಲ್ಲ: 2, 3, 2.

ಅವಳು ಏನೂ ಮಾಡಿರಲಿಲ್ಲ. ಅವಳ ಫೋನು ವೈಫೈ ಸಿಕ್ಕಿದ ಕೂಡಲೇ ದಿನದ ಫೋಟೊ, ವಿಡಿಯೊಗಳನ್ನೆಲ್ಲ ಕ್ಲೌಡಿಗೆ ಏರಿಸತೊಡಗಿತ್ತು.

ಪ್ಲಾನು 300 ಅನ್ನುವುದು ಇಳಿಯುವ ದಾರಿಗೆ. ಏರುವ ದಾರಿ 30. ವೈಫೈ ಸುಧಾರಿಸಿದ್ದರಿಂದ ಫೋನು ಈಗ ಮೊದಲಿಗಿಂತ ಜೋರಾಗಿ ಡೇಟಾ ಸುರಿಯುತ್ತದೆ, ಆದರೆ ಹೊರಬಾಗಿಲು ಮೊದಲಿನಷ್ಟೇ ಕಿರಿದು. ಸುರಿದದ್ದು ಮೋಡೆಮ್ಮಿನಲ್ಲಿ ಸರದಿ ನಿಲ್ಲುತ್ತದೆ. ಸರದಿ ಎಷ್ಟುದ್ದ ಇರಬಹುದು ಅಂತ ಅಂದಾಜು ಬೇಕಾದರೆ: ಲಿನಕ್ಸ್‌ನಲ್ಲಿ (ಅದೊಂದು ಆಪರೇಟಿಂಗ್ ಸಿಸ್ಟಂ) ಬಹುಕಾಲ ರೂಢಿಯಲ್ಲಿದ್ದದ್ದು 1000 ಪ್ಯಾಕೆಟ್. ಒಂದೊಂದು 1500 ಬೈಟ್. ಒಟ್ಟು 1.2 ಕೋಟಿ ಬಿಟ್. ಸೆಕೆಂಡಿಗೆ 3 ಕೋಟಿ ಬಿಟ್ ಹೋಗುವ ದಾರಿಯಲ್ಲಿ ಅಷ್ಟು ಕರಗಲು 0.4 ಸೆಕೆಂಡು, ಅಂದರೆ 400 ಮಿಲಿಸೆಕೆಂಡು. ನನ್ನ ಕಿಟಕಿಯಲ್ಲಿ ಕಂಡದ್ದೂ ಅಷ್ಟೇ. ಅಕ್ಕನ ಮಾತಿನ ಪುಟ್ಟ ಪ್ಯಾಕೆಟ್ಟು ಸೊಸೆಯ ವಿಡಿಯೊದ ಸಾವಿರ ಪ್ಯಾಕೆಟ್ಟುಗಳ ಹಿಂದೆ ನಿಂತು ಕಾಯಬೇಕು.

ಇದಕ್ಕೆ ಬಫರ್‌ಬ್ಲೋಟ್ ಅನ್ನುತ್ತಾರೆ. ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ಸುಮಾರು 2010ರಲ್ಲಿ ತಮ್ಮ ಮನೆಯ ಇಂಟರ್ನೆಟ್ ಯಾಕೆ ಹೀಗೆ ಎಳೆದಾಡುತ್ತದೆ ಅಂತ ಹುಡುಕಹೊರಟು ಈ ಮಾತನ್ನು ಚಲಾವಣೆಗೆ ತಂದರು. ಮೆಮೊರಿ ಅಗ್ಗವಾದಂತೆ ತಯಾರಕರು ಸರದಿಯ ಜಾಗ ಹಿಗ್ಗಿಸುತ್ತ ಹೋದರು. ಪ್ಯಾಕೆಟ್ ಬಿದ್ದುಹೋಗುವುದಕ್ಕಿಂತ ಕಾಯುವುದು ಮೇಲು ಎಂಬ ಲೆಕ್ಕ. ಆದರೆ ಪ್ಯಾಕೆಟ್ ಬಿದ್ದರೆ ತಾನೇ ಕಳಿಸುವವನಿಗೆ "ನಿಧಾನ" ಅಂತ ಗೊತ್ತಾಗುವುದು? ಬೀಳದಿದ್ದರೆ ಅವನು ಸುರಿಯುತ್ತಲೇ ಇರುತ್ತಾನೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಉಪಾಯ ಕೊಟ್ಟರು: ಸರದಿಯ ಉದ್ದ ನೋಡಬೇಡ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ನೋಡು, ಕಾಯುವಿಕೆ ಹೆಚ್ಚಾದರೆ ಒಂದೆರಡನ್ನು ಬೀಳಿಸಿ ಸುದ್ದಿ ಮುಟ್ಟಿಸು.

ತೊಂದರೆಯೆಂದರೆ ಸರದಿ ಇರುವುದು ಮೋಡೆಮ್ಮಿನಲ್ಲಿ, ಬುದ್ಧಿ ಇರುವುದು ರೌಟರಿನಲ್ಲಿ. ಸರದಿಯನ್ನು ರೌಟರಿನೊಳಕ್ಕೆ ತರಬೇಕಾದರೆ ರೌಟರೇ ಹೊರಬಾಗಿಲಿಗಿಂತ ಒಂದಿಷ್ಟು ಕಿರಿದಾಗಬೇಕು. ಮೆನುವಿನಲ್ಲಿ ಕ್ಯೂಓಎಸ್, ಅಂದರೆ ಸರದಿ ನಿಭಾಯಿಸುವ ಸೌಲಭ್ಯ, ಆನ್ ಮಾಡಿ, ಏರುವ ಮಿತಿ 27, ಇಳಿಯುವ ಮಿತಿ 270 ಅಂತ ಬರೆದೆ. ಸೊಸೆಗೆ ಹೇಳಿ ಅಷ್ಟುದ್ದದ ಒಂದು ವಿಡಿಯೊ ಬೇಕಂತಲೇ ಏರಿಸಿದೆವು. ಪಿಂಗ್ 7ರಿಂದ ಹೊರಟು 25, 31, 28. ಅದರಾಚೆ ಏರಲಿಲ್ಲ. ಅಕ್ಕ ಹೆಡ್‌ಫೋನ್ ಹಾಕಿಕೊಂಡು ಮೀಟಿಂಗಿಗೆ ಕೂತಳು. ಅರ್ಧ ಗಂಟೆಯಾದ ಮೇಲೆ ನನ್ನ ಕಡೆ ತಿರುಗಿ ಹೆಬ್ಬೆರಳು ಎತ್ತಿದಳು.

ಕೆಳಗಿಳಿದು ಬಂದರೆ ಭಾವ ಫೋನ್ ಹಿಡಿದು ನಿಂತಿದ್ದರು. "ಈಗ 188 ಬರ್ತಿದೆಯಲ್ಲಪ್ಪ."

ನಿಜ. ಮಿತಿ 270 ಕೊಟ್ಟರೂ 190 ದಾಟುತ್ತಿಲ್ಲ. ಇದು ಪೆಟ್ಟಿಗೆಯ ಮೇಲೆ ಯಾರೂ ಬರೆಯದ ಸಂಗತಿ. ಮಾಮೂಲಿ ಹೊತ್ತಿನಲ್ಲಿ ಈ ರೌಟರುಗಳು ಪ್ಯಾಕೆಟ್‌ಗಳನ್ನು ಪ್ರೊಸೆಸರಿಗೆ ತೋರಿಸುವುದೇ ಇಲ್ಲ. ಒಂದು ಸಂಪರ್ಕದ ಮೊದಲ ಕೆಲವು ಪ್ಯಾಕೆಟ್ ನೋಡಿ ದಾರಿ ತಿಳಿದುಕೊಂಡು, ಉಳಿದದ್ದನ್ನು ಚಿಪ್ಪಿನೊಳಗಿನ ಒಂದು ಅಡ್ಡದಾರಿಯಲ್ಲಿ ದಾಟಿಸಿಬಿಡುತ್ತವೆ. ಆ ಅಡ್ಡದಾರಿ ಇರುವುದರಿಂದಲೇ ಪುಟ್ಟ ಪ್ರೊಸೆಸರಿನ ರೌಟರೂ ಗಿಗಾಬಿಟ್ ಓಡಿಸುತ್ತದೆ. ಕ್ಯೂಓಎಸ್ ಬೇಕೆಂದರೆ ಪ್ರತಿ ಪ್ಯಾಕೆಟ್ಟನ್ನೂ ಪ್ರೊಸೆಸರ್ ಕೈಯಲ್ಲಿ ಹಿಡಿದು ನೋಡಬೇಕು, ಅಡ್ಡದಾರಿ ಮುಚ್ಚುತ್ತದೆ. ಹಲವು ರೌಟರುಗಳಲ್ಲಿ ಮಕ್ಕಳ ಮೇಲಿನ ನಿಗಾ, ಯಾರು ಯಾವ ಸೈಟ್ ನೋಡಿದರು ಎಂಬ ಇತಿಹಾಸ, ವೈರಸ್ ತಪಾಸಣೆ, ಇವುಗಳದ್ದೂ ಇದೇ ಹಣೆಬರಹ. ಸೌಲಭ್ಯಗಳ ಪಟ್ಟಿ ಒಂದು ಪುಟ, ವೇಗದ ಪಟ್ಟಿ ಇನ್ನೊಂದು ಪುಟ. ಎರಡೂ ಒಟ್ಟಿಗೆ ನಿಜವಾಗಿರುತ್ತವೆ ಅಂತ ಯಾರೂ ಎಲ್ಲೂ ಮಾತು ಕೊಟ್ಟಿರುವುದಿಲ್ಲ. ಸೈಟ್ ಇತಿಹಾಸ ಆರಿಸಿದೆ. 205ರ ತನಕ ಬಂತು. ಅದಕ್ಕೂ ಮೀರಿ ಈ ಪೆಟ್ಟಿಗೆಯ ಕೈಲಾಗದು.

ಈಗ ತೀರ್ಮಾನ ನನ್ನದಲ್ಲ, ಮನೆಯವರದ್ದು. ಭಾವನ ವಾದ ಸರಿಯೇ: 300ಕ್ಕೆ ದುಡ್ಡು ಕಟ್ಟಿ 200 ಯಾಕೆ ತಗೋಬೇಕು? ನಾನು ಒಂದೇ ಪ್ರಶ್ನೆ ಕೇಳಿದೆ: ಇಷ್ಟು ದಿನ ಯಾವ ಕೆಲಸಕ್ಕೆ 200 ಸಾಲಲಿಲ್ಲ? ಟಿವಿಯ 4ಕೆ ಸಿನಿಮಾಗೆ 25 ಸಾಕು, ಅಕ್ಕನ ಮೀಟಿಂಗಿಗೆ ನಾಲ್ಕೈದು. ಭಾವ ಉತ್ತರ ಕೊಡುವ ಮೊದಲೇ ಅಕ್ಕ ಮೆಟ್ಟಿಲ ಮೇಲಿಂದ, "ಅದನ್ನ ಮುಟ್ಟಬೇಡಿ, ಹಾಗೇ ಇರ್ಲಿ" ಅಂದಳು. ಹಾಗೇ ಇದೆ.

ನಾನು ತಪ್ಪಿದ್ದು

ಗೇಟಿನ ಕ್ಯಾಮೆರಾ ರಾತ್ರಿ ಒಂದರಿಂದ ಮೂರರ ನಡುವೆ ಕಡಿದುಹೋಗುತ್ತಿತ್ತು. ಅದು 2.4ರ ಸಾಧನ, ಮೊದಲೇ ದೂರ. ಅಕ್ಕಪಕ್ಕದ ಮನೆಗಳ ವೈಫೈ ತುಳಿದಾಟ ಅಂತ ನೋಡಿದ ಕೂಡಲೇ ತೀರ್ಮಾನಿಸಿದೆ. ಆ ಬ್ಯಾಂಡಿನಲ್ಲಿ ಒಂದಕ್ಕೊಂದು ತಾಗದ ಚಾನಲ್ ಮೂರೇ: 1, 6, 11. ಸ್ಕ್ಯಾನ್ ಮಾಡಿ 1ಕ್ಕೆ ಇಟ್ಟೆ, ಅಗಲ 40ರಿಂದ 20ಕ್ಕೆ ಇಳಿಸಿದೆ. ಮಾಡಬೇಕಾದ ಕೆಲಸವೇ, ಆದರೆ ಕ್ಯಾಮೆರಾ ಮರುದಿನವೂ ಹೋಯಿತು. ಅದರ ಮರುದಿನವೂ.

ನಡುರಾತ್ರಿ ಅಕ್ಕಪಕ್ಕದವರೆಲ್ಲ ಮಲಗಿರುವಾಗ ತುಳಿದಾಟ ಹೆಚ್ಚುವುದು ಹೇಗೆ? ಇದನ್ನು ಮೊದಲೇ ಕೇಳಿಕೊಳ್ಳಬೇಕಿತ್ತು. ಮೂರನೇ ಭಾನುವಾರ ರೌಟರಿನ ಹಿಂದೆ ಕೈಹಾಕಿದಾಗ ಬೆರಳಿಗೆ ಒಂದು ಬೆಚ್ಚನೆಯ ಡಬ್ಬಿ ತಾಗಿತು: ಯುಎಸ್‌ಬಿ ಪೋರ್ಟಿಗೆ ಗಿಡ್ಡ ವೈರಿನಲ್ಲಿ ತೂಗುಬಿದ್ದ ಹಾರ್ಡ್‌ಡಿಸ್ಕ್. ಅಕ್ಕನ ಲ್ಯಾಪ್‌ಟಾಪ್ ದಿನಾ ರಾತ್ರಿ ಒಂದಕ್ಕೆ ಅದಕ್ಕೆ ಬ್ಯಾಕಪ್ ತೆಗೆಯುತ್ತದೆ.

ಯುಎಸ್‌ಬಿ 3.0ರ ಸಂಕೇತ ಸೆಕೆಂಡಿಗೆ 5 ಗಿಗಾಬಿಟ್ ಓಡುವಾಗ ಅದರ ರೇಡಿಯೊ ಗದ್ದಲ ಸರಿಯಾಗಿ 2.4 ಗಿಗಾಹರ್ಟ್ಸ್ ಸುತ್ತ ಹರಡುತ್ತದೆ. ಇಂಟೆಲ್ 2012ರಲ್ಲೇ ಇದನ್ನು ಅಳೆದು ಪ್ರಕಟಿಸಿದೆ. ಆಂಟೆನಾದ ಪಕ್ಕದಲ್ಲೇ ಆ ಗದ್ದಲ ಎದ್ದರೆ ಹತ್ತಿರದ ಸಾಧನಗಳು ಹೇಗೋ ಸಹಿಸುತ್ತವೆ, ಗೇಟಿನ ಕ್ಯಾಮೆರಾದ ಕ್ಷೀಣ ದನಿ ಮುಳುಗಿಹೋಗುತ್ತದೆ. ಪೋರ್ಟನ್ನು ಯುಎಸ್‌ಬಿ 2.0 ವೇಗಕ್ಕೆ ಇಳಿಸುವ ಆಯ್ಕೆ ಮೆನುವಿನ ನಾಲ್ಕನೇ ಪದರದಲ್ಲಿ ಸಿಕ್ಕಿತು. ಬ್ಯಾಕಪ್ ಈಗ ಇನ್ನೊಂದಿಷ್ಟು ಹೊತ್ತು ಹಿಡಿಯುತ್ತದೆ. ರಾತ್ರಿ ಹೊತ್ತು, ಯಾರಿಗೂ ಅವಸರವಿಲ್ಲ. ಕ್ಯಾಮೆರಾ ಆವತ್ತಿನಿಂದ ಒಮ್ಮೆಯೂ ಕಡಿದಿಲ್ಲ.

ಹೊರಡುವ ಮುಂಚೆ ಬದಲಿಸಿದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ರೌಟರಿನ ಪಕ್ಕ ಗೋಡೆಗೆ ಅಂಟಿಸಿದೆ: ಚಾನಲ್ 36, ಅಗಲ 80, ಚಾನಲ್ 1, ಅಗಲ 20, ಕ್ಯೂಓಎಸ್ 27 ಮತ್ತು 270, ಯುಎಸ್‌ಬಿ 2.0, ಮೋಡೆಮ್ ವೈಫೈ ಆಫ್. ಎರಡು ತಿಂಗಳಾದ ಮೇಲೆ ಫರ್ಮ್‌ವೇರ್ ಅಪ್‌ಡೇಟ್ ಬಂದು ಅದರಲ್ಲಿ ಎರಡು ಸೆಟ್ಟಿಂಗ್ ಮೊದಲಿನಂತಾಗಿದ್ದವಂತೆ. ನನಗೆ ತಿಳಿದದ್ದು ವಾರ ಕಳೆದ ಮೇಲೆ, ಬೇರೇನೋ ಮಾತಿಗೆ. ಮೀಟಿಂಗು ಮತ್ತೆ ಒಡೆಯತೊಡಗಿದ ಸಂಜೆಯೇ ಅಕ್ಕ ಚೀಟಿ ನೋಡಿಕೊಂಡು ಕ್ಯೂಓಎಸ್ ತಾನೇ ಆನ್ ಮಾಡಿದ್ದಳು. ಯುಎಸ್‌ಬಿಯನ್ನು ಭಾವ ಸರಿಮಾಡಿದ್ದರು, ಚೀಟಿಯ ಕೊನೆಗೆ ತಮ್ಮ ಅಕ್ಷರದಲ್ಲಿ ಒಂದು ಸಾಲನ್ನೂ ಸೇರಿಸಿದ್ದರು: "ಹಳದಿ ವೈರು ಹಾಕಬಾರದು."